ಯಾರದು, ಎಂಥದು

ಪ್ರೀತಿಯ ಪುಟ್ಟಿ,

ನಿನ್ನ ಉತ್ತರಪತ್ರಿಕೆ ನೋಡಿದೆ. ‘ಶೇಕ್ಸ್‌ಪಿಯರಿಯನ್ ಸಾನೆಟ್ ಎಂದರೇನು?’ ಎಂಬ ಪ್ರಶ್ನೆಗೆ ‘ಶೇಕ್ಸ್‌ಪಿಯರ್ ಬರೆದ ಸಾನೆಟ್’ ಎಂದು ಬರೆದಿದ್ದೀಯ. ಸಾನೆಟ್ ಅಂದರೆ ಸಾಮಾನ್ಯವಾಗಿ 14 ಸಾಲಿನ ಪದ್ಯ, ಅದು ನಿನಗೆ ಗೊತ್ತೇ ಇದೆ. ಬೇಜಾರು ಮಾಡ್ಕೋಬೇಡ. ನಾನೂ ಓದುವ ದಿನಗಳಲ್ಲಿ ಹಾಗೇ ಅಂದುಕೊಂಡಿದ್ದೆ. ನೀನು ಎಡವಿದ್ದು ಸಾಹಿತ್ಯದಲ್ಲಲ್ಲ, ವ್ಯಾಕರಣದಲ್ಲಿ.

ಇಂಗ್ಲಿಷಿನಲ್ಲಿ ಹೆಸರಿಗೆ ಅಪಾಸ್ಟ್ರಫಿ ಎಸ್ ಸೇರಿದರೆ ಅದು ಸಾಮಾನ್ಯವಾಗಿ ‘ಯಾರದು?’ ಎಂದು ಹೇಳುತ್ತದೆ, ನಮ್ಮ ಷಷ್ಠಿ ವಿಭಕ್ತಿಯ ಹಾಗೆ. ಗುಣವಾಚಕ ಹೇಳುವುದು ‘ಎಂಥದು?’ ಅಂತ. ‘ಮೈ’, ‘ಯುವರ್’ ಪದಗಳನ್ನು ಹಳೆಯ ವ್ಯಾಕರಣದ ಪುಸ್ತಕಗಳು ಪೊಸೆಸಿವ್ ಅಡ್ಜೆಕ್ಟಿವ್, ಅಂದರೆ ಒಡೆತನ ಹೇಳುವ ಗುಣವಾಚಕ, ಎನ್ನುತ್ತವೆ. ಆದರೆ ಅವುಗಳ ನಡತೆ ನೋಡು. ‘ಎ ಬಿಗ್ ಬುಕ್’ ಸರಿ, ‘ಎ ಮೈ ಬುಕ್’ ಆಗಲ್ಲ. ‘ವೆರಿ ಬಿಗ್’ ಅನ್ನಬಹುದು, ‘ವೆರಿ ಮೈ’ ಅನ್ನೋಕಾಗುತ್ತಾ? ಅದಕ್ಕೇ ಈಗಿನವರು ಅವನ್ನು ‘ದಿ’, ‘ದಿಸ್’ ಜೊತೆ ಕೂರಿಸಿ ಡಿಟರ್ಮಿನರ್, ಅಂದರೆ ಯಾವುದೆಂದು ಗುರುತಿಸುವ ಪದ, ಎನ್ನುತ್ತಾರೆ. ನನಗೆ ಈ ಹೆಸರೇ ಹೆಚ್ಚು ಸರಿ ಅನ್ನಿಸುತ್ತದೆ.

ಈಗ ಸಾನೆಟ್ಟಿಗೆ ಬಾ. 1609ರಲ್ಲಿ ಅಚ್ಚಾದ ಪುಸ್ತಕದಲ್ಲಿರುವ 154 ಸಾನೆಟ್‌ಗಳು ಶೇಕ್ಸ್‌ಪಿಯರ್‌ನವು. ‘ಶೇಕ್ಸ್‌ಪಿಯರಿಯನ್’ ಗುಣವಾಚಕ, ಅದು ಹೇಳುವುದು ಒಂದು ಕಟ್ಟನ್ನು: 14 ಸಾಲು, ನಾಲ್ಕು ನಾಲ್ಕು ಸಾಲಿನ ಮೂರು ಭಾಗ, ಕೊನೆಗೆ ಪ್ರಾಸ ಕೂಡುವ ಜೋಡಿ ಸಾಲು. ಆ ಪುಸ್ತಕದ 126ನೆಯದನ್ನು ತೆಗೆದು ನೋಡು. ಇರುವುದು 12 ಸಾಲು, ಎಲ್ಲವೂ ಎರಡೆರಡಾಗಿ ಪ್ರಾಸ ಕೂಡುತ್ತವೆ. ಅದು ಶೇಕ್ಸ್‌ಪಿಯರ್‌ನದೇ, ಆದರೆ ಶೇಕ್ಸ್‌ಪಿಯರಿಯನ್ ಅಲ್ಲ! ಇನ್ನೊಂದು ವಿಷಯ ಗೊತ್ತಾ? ಈ ಕಟ್ಟಿನಲ್ಲಿ ಅವನಿಗಿಂತ ಮೊದಲೇ ಅರ್ಲ್ ಆಫ್ ಸರ್ರೆ ಎಂಬ ಇಂಗ್ಲಿಷ್ ಕವಿ ಬರೆದಿದ್ದ. ಸರ್ರೆ ತೀರಿಕೊಂಡಿದ್ದು 1547ರಲ್ಲಿ, ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ. ಹೆಸರು ಮಾತ್ರ ಆಮೇಲೆ ಬಂದವನಿಗೆ ಅಂಟಿತು. ಹಾಗೆಯೇ ಮಿಲ್ಟನ್ ತನ್ನ ಕುರುಡಿನ ಬಗ್ಗೆ ಬರೆದ ಸಾನೆಟ್ ಇದೆಯಲ್ಲ, ಅದು ಮಿಲ್ಟನ್‌ನದು, ಕಟ್ಟು ಪೆಟ್ರಾರ್ಕನ್. ಅಂದರೆ ಮೊದಲು ಎಂಟು ಸಾಲು, ಆಮೇಲೆ ಆರು.

ಒಂದು ಕಡೆ ಮಾತ್ರ ಎಚ್ಚರ. ‘ಆನ್ ಓಲ್ಡ್ ಚಿಲ್ಡ್ರನ್ಸ್ ಬುಕ್’ ಎಂದಾಗ ಹಳೆಯದಾಗಿರುವುದು ಪುಸ್ತಕ, ಮಕ್ಕಳಲ್ಲ. ಇಲ್ಲಿ ಅಪಾಸ್ಟ್ರಫಿ ಎಸ್ ಇದ್ದರೂ ಅದು ಹೇಳುತ್ತಿರುವುದು ‘ಎಂಥ ಪುಸ್ತಕ’ ಅಂತ. ಇಂಥವು ಓದುತ್ತಾ ಓದುತ್ತಾ ಗೊತ್ತಾಗುತ್ತವೆ.

ಗೈಡ್‌ನಲ್ಲಿರುವ ಅರ್ಥಗಳನ್ನು ಸುಮ್ನೆ ಉರು ಹೊಡೆಯಬೇಡ ಮಗಳೇ. ಪದ್ಯವನ್ನೇ ಎದುರಿಗೆ ಇಟ್ಟುಕೋ. ಪೆನ್ಸಿಲ್ ಹಿಡಿದು ಸಾಲಿನ ಕೊನೆಯ ಪ್ರಾಸಕ್ಕೆ ಎ, ಬಿ ಅಂತ ಗುರುತು ಹಾಕು. ನಿನ್ನ ಪಟ್ಟಿಯಲ್ಲಿ ಮುಂದಿನದು ಸ್ಪೆನ್ಸೀರಿಯನ್ ಸ್ಟಾನ್ಜಾ, ಅಂದರೆ ಕವಿ ಸ್ಪೆನ್ಸರ್‌ನ ಹೆಸರಿನ ಒಂಬತ್ತು ಸಾಲಿನ ಕಟ್ಟು, ಅಲ್ವಾ? ಅದಕ್ಕೆ ಸ್ಪೆನ್ಸರ್‌ನ ಬದಲು ಕೀಟ್ಸ್‌ನ ‘ದಿ ಈವ್ ಆಫ್ ಸೇಂಟ್ ಆಗ್ನೆಸ್’ ತೆಗೆದುಕೋ. ಗಟ್ಟಿಯಾಗಿ ಓದು, ಬೆರಳಲ್ಲಿ ಎಣಿಸು. ಪ್ರತಿ ಒಂಬತ್ತನೇ ಸಾಲು ಬಂದಾಗ ಉಸಿರು ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಯಾಕೆ ಅಂತ ಕಂಡುಹಿಡಿದು ನನಗೆ ಬರೆ.

ನಿನ್ನ ದೊಡ್ಡಮ್ಮ