ಸಮಕುಲಾಧಿಪತಿಗಳೇ, ನಮ್ಮ ಗ್ರಂಥಾಲಯ ಸೋರುತ್ತಿದೆ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ವರ್ಷ ಠಿಕಾಣಿ ಹೂಡಿದ ನೆಂಟನನ್ನು ಯಾರ ಮನೆಯಲ್ಲೂ ಇಟ್ಟುಕೊಳ್ಳುವುದಿಲ್ಲ. ಇರಲಿ, ಈ ಪತ್ರ ನನ್ನ ನೌಕರಿಯದ್ದಲ್ಲ. ವಿಶ್ವವಿದ್ಯಾಲಯದ ಹೆಸರನ್ನೂ ಬರೆಯುತ್ತಿಲ್ಲ, ಬರೆದರೆ ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ನಮ್ಮ ಗ್ರಂಥಾಲಯದ ತಾರಸಿ ಆರು ಮಳೆಗಾಲದಿಂದ ಸೋರುತ್ತಿದೆ. ಅದನ್ನು ರಿಪೇರಿ ಮಾಡಿಸಿಕೊಡಿ. ಕೇಳುವುದು ಇಷ್ಟೇ.

2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ತಮಗೆ ಗೊತ್ತಿಲ್ಲದ್ದೇನಲ್ಲ. ಅದರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ತಾವು ಸಮಕುಲಾಧಿಪತಿ. ಘಟಿಕೋತ್ಸವದ ದಿನ ಗೌನು ತೊಟ್ಟು ವೇದಿಕೆ ಮೇಲೆ ಕೂರುವುದು ಅದೇ ಹಕ್ಕಿನಿಂದ. ಆ ವೇದಿಕೆಯಿಂದ ಗ್ರಂಥಾಲಯಕ್ಕೆ ನಡೆದರೆ ಮೂರು ನಿಮಿಷ.

ಪ್ರತಿ ವರ್ಷ ಹೊಸ ಬ್ಯಾಚಿಗೆ ನಾಡಿನ ವಿಶ್ವವಿದ್ಯಾಲಯಗಳ ಕಥೆ ಹೇಳುವವನು ನಾನೇ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯ ಕಟ್ಟಿದರು, ಆಗ ವಿಶ್ವೇಶ್ವರಯ್ಯನವರು ದಿವಾನರು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಧಾರವಾಡಕ್ಕೆ ಬಂತು. ಕುವೆಂಪು ಕುಲಪತಿಯಾಗಿದ್ದಾಗ 1960ರಲ್ಲಿ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಎಂಥಾ ಹೆಸರು! ಆಮೇಲೆ ನಾಡಿನ ತುಂಬ ಗಂಗೆಯರೇ. ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ಕಲಬುರಗಿಯಲ್ಲಿ ಜ್ಞಾನಗಂಗಾ, ದಾವಣಗೆರೆಯಲ್ಲಿ ಶಿವಗಂಗೋತ್ರಿ. ನಮ್ಮ ಆವರಣದ ಹೆಸರಿನಲ್ಲಿ ಗಂಗೆ ಇಲ್ಲ ಸ್ವಾಮಿ. ನಮ್ಮಲ್ಲಿ ಅವಳು ನೇರವಾಗಿ ಪರಾಮರ್ಶನ ವಿಭಾಗದ ಮೇಲೆ ಇಳಿಯುತ್ತಾಳೆ.

ಹೋದ ಆಗಸ್ಟಿನ ಒಂದು ಸೋಮವಾರ ಬೀಗ ತೆಗೆಸಿ ಒಳಗೆ ಹೋದಾಗ ಶಾಸನ ಸಂಪುಟಗಳ ಕಪಾಟಿನ ಕೆಳಗಿನ ಎರಡು ಸಾಲು ತೊಯ್ದು ತೊಪ್ಪೆಯಾಗಿದ್ದವು. ಬಿ.ಎಲ್. ರೈಸ್ ಊರೂರು ಅಲೆದು ಓದಿಸಿ ಅಚ್ಚು ಹಾಕಿಸಿದ ಶಾಸನಗಳು. ಕಲ್ಲು ಹೊಲದ ಬದುವಿನಲ್ಲಿ ಸಾವಿರ ವರ್ಷ ಮಳೆಗೆ ನಿಂತರೂ ಅಕ್ಷರ ಉಳಿಸಿಕೊಂಡಿತ್ತು. ಅದರ ಅಚ್ಚಿನ ಪ್ರತಿ ವಿಶ್ವವಿದ್ಯಾಲಯದ ಒಳಗೆ, ಬೀಗದೊಳಗೆ, ಕೊಳೆಯಿತು. ನಾನೂ ಎಂಎ ಎರಡನೇ ವರ್ಷದ ಒಬ್ಬ ಹುಡುಗಿಯೂ ಹಾಳೆ ಹಾಳೆಯ ನಡುವೆ ಹಳೆ ಪತ್ರಿಕೆ ಇಟ್ಟು, ಫ್ಯಾನಿನ ಕೆಳಗೆ ನಾಲ್ಕು ದಿನ ಒಣಗಿಸಿದೆವು. ಕೆಲವು ಪುಟ ಬಿಡಿಸಲು ಹೋದರೆ ಅಕ್ಷರವೆಲ್ಲ ಪಕ್ಕದ ಪುಟಕ್ಕೆ ಅಂಟಿಕೊಂಡು ಬಂತು. ಆ ಹುಡುಗಿಯ ಕಿರುಪ್ರಬಂಧಕ್ಕೆ ಬೇಕಾಗಿದ್ದ ಶಾಸನ ಅದೇ ಪುಟಗಳಲ್ಲಿತ್ತು. ವಿಷಯ ಬದಲಿಸಿಕೊಳ್ಳಮ್ಮ ಅಂದೆ. ಹೇಳಲು ಬೇರೇನೂ ಇರಲಿಲ್ಲ.

ಇದಕ್ಕೂ ಮೊದಲಿನ ಒಂದು ಸಂಗತಿ ತಮಗೆ ತಿಳಿಯಲೇಬೇಕು. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ನ ತಂಡ ಬರುವ ವಾರ ಗೋಡೆಗೆಲ್ಲ ಸುಣ್ಣಬಣ್ಣ ಆಯಿತು. ನರ್ಸರಿಯಿಂದ ಬಾಡಿಗೆಗೆ ತಂದ ಹೂಕುಂಡಗಳು ಮೆಟ್ಟಿಲ ಎರಡೂ ಬದಿ ಸಾಲಾಗಿ ನಿಂತವು. ಬಕೆಟ್‌ಗಳನ್ನು ಶೌಚಾಲಯದಲ್ಲಿ ಬಚ್ಚಿಡಿ ಎಂದು ಅಪ್ಪಣೆಯಾಯಿತು. ತಂಡದ ಹಿರಿಯರೊಬ್ಬರು ಕಪಾಟಿನ ಮುಂದೆ ನಿಂತಿದ್ದಾಗ ಅವರ ಕೋಟಿನ ಹೆಗಲಿನ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಅವರು ತಲೆ ಎತ್ತಿ ನೋಡಿದರು. ಪಕ್ಕದಲ್ಲಿದ್ದ ನಮ್ಮ ಅಧಿಕಾರಿ ಕಣ್ಣು ಮಿಟುಕಿಸದೆ ‘ಎಸಿ ನೀರು ಸರ್’ ಅಂದರು. ಆ ಕಟ್ಟಡದಲ್ಲಿ ಎಸಿಯೇ ಇಲ್ಲ. ನಾವೆಲ್ಲ ನೆಲ ನೋಡುತ್ತ ನಿಂತೆವು, ನಾನೂ. ಮರುದಿನ ಬೆಳಿಗ್ಗೆ ಲಾರಿ ಬಂದು ಹೂಕುಂಡಗಳನ್ನು ಒಯ್ದಿತು. ಬಕೆಟ್‌ಗಳು ಸ್ವಸ್ಥಾನಕ್ಕೆ ಬಂದವು.

ಕೇಳಿದಾಗಲೆಲ್ಲ ಸಿಗುವ ಉತ್ತರ ಒಂದೇ: ಅನುದಾನವಿಲ್ಲ, ಪಿಂಚಣಿಗೇ ಸಾಲುತ್ತಿಲ್ಲ, ಎಸ್ಟಿಮೇಟ್ ಹೋಗಿದೆ, ಟೆಂಡರ್ ಆಗಬೇಕು. ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರಿಗೆ ಇರುವ ಕೆಟಿಪಿಪಿ ಕಾಯ್ದೆಯ ನಿಯಮ ನಮಗಿಂತ ತಮಗೆ ಚೆನ್ನಾಗಿ ಗೊತ್ತು. ಆದರೆ ಅದೇ ಆರು ವರ್ಷದಲ್ಲಿ ಹೆಬ್ಬಾಗಿಲಿಗೆ ಗ್ರಾನೈಟ್ ಕಮಾನು ಎದ್ದಿದೆ. ಅದಕ್ಕೆ ಟೆಂಡರ್ ಯಾವಾಗ ಆಯಿತೋ, ನಮಗಂತೂ ಗೊತ್ತೇ ಆಗಲಿಲ್ಲ. ಕಮಾನು ಸೋರುವುದಿಲ್ಲ, ಅದರ ಕೆಳಗೆ ಪುಸ್ತಕವೂ ಇಲ್ಲ. 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದಾಗಲೂ ಕೊಟ್ಟ ಕಾರಣ ದುಡ್ಡಿನದ್ದೇ. ಮುಚ್ಚುವ ವಿಷಯಕ್ಕೆ ಕಡತ ಓಡುತ್ತದೆ. ತಾರಸಿ ಮುಚ್ಚಲು ಮಾತ್ರ ಓಡುವುದಿಲ್ಲ.

ನಮಗೆ ಹೊಸ ಕಟ್ಟಡ ಬೇಡ, ಡಿಜಿಟಲ್ ಗ್ರಂಥಾಲಯದ ಭರವಸೆಯೂ ಬೇಡ. ಸಮಿತಿ ಮಾಡಬೇಡಿ, ದಯವಿಟ್ಟು. ಈ ಮುಂಗಾರಿಗೆ ಮುಂಚೆ ತಾರಸಿ ರಿಪೇರಿ ಮಾಡಿಸಿ. ರಜೆಯಲ್ಲಿ ನನಗೆ ಸಂಬಳವಿಲ್ಲ, ಆದರೂ ಕೆಲಸ ನಡೆಯುವಷ್ಟು ದಿನ ಬಂದು ನಿಂತು ಪುಸ್ತಕಗಳನ್ನು ನಾನೇ ಬೇರೆ ಕಡೆ ಸಾಗಿಸಿ ಜೋಡಿಸಿಕೊಡುತ್ತೇನೆ. ತಾರಸಿ ಒಂದು ರಿಪೇರಿ ಮಾಡಿಸಿ.

ಮತ್ತೆ, ಅಲ್ಲಿರುವ ಐದು ಬಕೆಟ್‌ಗಳಲ್ಲಿ ಎರಡು ನಮ್ಮ ಮನೆಯವು. ಮನೆಯವಳು ಕೇಳುತ್ತಲೇ ಇದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕ