ಪುಟ್ಟಿಗೆ, ಆ ಮಿಂಚಿನ ವಿಷಯ

ಪ್ರೀತಿಯ ಪುಟ್ಟಿ,

ಹೊಸ ಮನೆ, ಮಗುವಿನ ಸ್ಕೂಲು, ಎಲ್ಲ ಓದಿ ಖುಷಿಯಾಯಿತು. ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, ನಾಲ್ಕು ದಿನದಿಂದ ಲೈಟ್ ಆರಿಸಿದರೆ ಬಲಗಣ್ಣಿನ ಪಕ್ಕದಲ್ಲಿ ಏನೋ ಮಿಂಚುತ್ತದೆ, ಕಪ್ಪು ಚುಕ್ಕೆ ಓಡಾಡುತ್ತವೆ, ನೋವೇನಿಲ್ಲ, ನಿದ್ದೆ ಕಡಿಮೆಯಾಗಿರಬೇಕು ಅಂತ. ಅಲ್ಲೇ ನಿಂತುಬಿಟ್ಟೆ.

ನೋವಿಲ್ಲ ಅಂದೆಯಲ್ಲ, ನನಗೆ ಭಯ ಅದೇ.

ನಿನ್ನ ದೊಡ್ಡಪ್ಪನ ಎಡಗಣ್ಣು ಹೋಗಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ದಿನಗಳು ಗೊತ್ತಿರುವುದು ನನಗೆ ಮಾತ್ರ. ಅಡಿಕೆ ಕೊಯ್ಲು ಜೋರಾಗಿ ನಡೆದಿತ್ತು, ಮನೆ ತುಂಬ ಸುಲಿಯುವ ಜನ, ಹಂಡೆಯ ಒಲೆ ಆರುತ್ತಲೇ ಇರಲಿಲ್ಲ. ಊಟಕ್ಕೆ ಕೂತ ದೊಡ್ಡಪ್ಪ ಎಲೆಯ ಮೇಲೆ ಕೈ ಬೀಸಿದರು. ಅಲ್ಲಿ ನೊಣ ಇರಲಿಲ್ಲ. ಮತ್ತೆ ಬೀಸಿದರು. ಯಾರೋ ಪಿತ್ತ ಅಂದರು, ನೆತ್ತಿಗೆ ಹರಳೆಣ್ಣೆ ಒತ್ತಿದೆವು, ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿದೆವು. ಹಲ್ಲುನೋವಿನಷ್ಟು ನೋವಿದ್ದಿದ್ದರೂ ಅವತ್ತೇ ಬಸ್ಸು ಹತ್ತುತ್ತಿದ್ದರು. ಕೆಳಗಿನಿಂದ ಕಪ್ಪು ಏರಿ ಬಂದಾಗಲೂ ಕೊಯ್ಲು ಮುಗಿಯಲಿ ಅಂದರು. ಆಮೇಲೆ ಆಪರೇಷನ್ ಆಯಿತು, ಎದ್ದಿದ್ದ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಮತ್ತೆ ಅಂಟಿಕೊಂಡಿತು, ನೋಟ ಮಾತ್ರ ವಾಪಸ್ ಬರಲಿಲ್ಲ. ಆ ಕೈ ಬೀಸುವುದರ ಅರ್ಥ ಊರಲ್ಲಿ ಒಬ್ಬರಿಗಾದರೂ ಗೊತ್ತಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಆಪರೇಷನ್ ಮಾಡಿದ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದ್ದರು. ಕಣ್ಣಿನೊಳಗೆ ತಿಳಿಯಾದ ಜೆಲ್ ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗಿ, ಕುಗ್ಗಿ, ಹಿಂದಿನ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಜೆಲ್‌ನ ಎಳೆಗಳ ನೆರಳೇ ನಮಗೆ ಕಾಣುವ ಚುಕ್ಕೆ. ಬಿಡಿಸಿಕೊಳ್ಳುವಾಗ ರೆಟಿನಾವನ್ನು ಎಳೆಯುತ್ತದೆ. ರೆಟಿನಾಕ್ಕೆ ನೋವು ಗೊತ್ತಿಲ್ಲ, ಬೆಳಕೊಂದೇ ಗೊತ್ತು, ಹಾಗಾಗಿ ಎಳೆದರೆ ಮಿಂಚು ಕಾಣುತ್ತದೆ. 50 ದಾಟಿದವರಿಗೆ ಇದು ಸಾಮಾನ್ಯ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ನಿನ್ನ ಕನ್ನಡಕದ ಪವರ್ ಮೈನಸ್ 8 ಅಲ್ವಾ. ಅಂಥ ಕಣ್ಣು ಉದ್ದ, ರೆಟಿನಾ ತೆಳು, ಎಲ್ಲ ಬೇಗ ಶುರುವಾಗುತ್ತದೆ. ಎಳೆತಕ್ಕೆ ಎಲ್ಲಾದರೂ ಹರಿದರೆ ಆ ತೂತಿನಿಂದ ನೀರು ನುಗ್ಗಿ, ಶೀತ ಹಿಡಿದ ಗೋಡೆಯಿಂದ ಬಣ್ಣ ಏಳುವ ಹಾಗೆ ರೆಟಿನಾ ಎದ್ದುಬರುತ್ತದೆ. ಬರೀ ಹರಿದಿದ್ದಾಗಲೇ ಸಿಕ್ಕರೆ ಸುತ್ತ ಲೇಸರ್ ಹಾಕಿ ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಎದ್ದ ಮೇಲೆ ಆಪರೇಷನ್ನೇ, ಮಧ್ಯದ ಭಾಗ ಏಳುವ ಮೊದಲು ಆದರೆ ಮಾತ್ರ ನೋಟ ಚೆನ್ನಾಗಿ ಉಳಿಯುವ ಭರವಸೆ.

ಹೆದರಿಸುತ್ತಿದ್ದೇನೆ ಅನ್ನಬೇಡ. ಎಷ್ಟೋ ವರ್ಷದಿಂದ ಆಕಾಶ ನೋಡಿದಾಗಲೆಲ್ಲ ಕಾಣುವ ಒಂದೆರಡು ಎಳೆ ನನಗೂ ಇವೆ. ಮೈಗ್ರೇನಿನವರಿಗೆ ಎರಡೂ ಕಣ್ಣಲ್ಲಿ ಅಂಕುಡೊಂಕು ಬೆಳಕು ಬಂದು ಸುಮಾರು ಅರ್ಧ ಗಂಟೆಯಲ್ಲಿ ಹೋಗುತ್ತದೆ. ನಿನ್ನದು ಹಾಗಲ್ಲ. ಒಂದೇ ಕಣ್ಣು, ಹೊಸದು, ಮಿಂಚಿನ ಜೊತೆ ಚುಕ್ಕೆ. ಹರಿದಿದೆಯೋ ಇಲ್ಲವೋ ಅಂತ ನಿನಗೆ ಒಳಗಿನಿಂದ ತಿಳಿಯುವುದಿಲ್ಲ ಪುಟ್ಟಿ, ನೋವಿಲ್ಲ ಅನ್ನೋದು ಅದಕ್ಕೆ ಸಾಕ್ಷಿಯಲ್ಲ.

ದೂರದಲ್ಲಿ ಕೂತು ಹೇಳುವುದು ಸುಲಭ, ನಿನ್ನ ತಿಂಗಳ ಕೊನೆಯ ಕೆಲಸ ನನಗೂ ಅರ್ಥವಾಗುತ್ತದೆ. ಆದರೂ ಇದನ್ನು ಓದಿದ ದಿನವೇ ಹೋಗು. ಕನ್ನಡಕದ ಅಂಗಡಿಗಲ್ಲ, ರೆಟಿನಾ ನೋಡುವ ಡಾಕ್ಟರ ಹತ್ತಿರ. ಮಿಂಟೋ ಕಣ್ಣಾಸ್ಪತ್ರೆ ಆದರೂ ಸರಿ. ಪವರ್ ಎಷ್ಟು, ಯಾವತ್ತಿನಿಂದ, ಯಾವ ಕಣ್ಣು, ಮೊದಲೇ ಹೇಳಿಬಿಡು. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಅಂಚಿನವರೆಗೂ ನೋಡಬೇಕು, ನೋಡದೆ ಏನಿಲ್ಲ ಅಂದರೆ ಒಪ್ಪಬೇಡ. ಅಷ್ಟರೊಳಗೆ ಚುಕ್ಕೆ ಒಮ್ಮೆಲೇ ಜಾಸ್ತಿಯಾದರೆ, ಪಕ್ಕದಿಂದ ಕಪ್ಪು ಪರದೆ ಸರಿದರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಹೊರಡು. ಎಲ್ಲ ಸರಿ ಅಂದರೂ ಕೆಲವು ವಾರ ಬಿಟ್ಟು ಮತ್ತೆ ಕರೆಯಬಹುದು, ತಪ್ಪಿಸಬೇಡ.

ಸ್ಕೂಟರ್ ತೆಗೆದುಕೊಂಡು ಹೋಗಬೇಡ, ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಸುಕು. ಯಾರನ್ನಾದರೂ ಜೊತೆಗೆ ಕರೆದುಕೋ. ಮುಗಿದ ತಕ್ಷಣ ನನಗೆ ಫೋನ್ ಮಾಡು, ಮೆಸೇಜ್ ಬೇಡ, ಟೈಪ್ ಮಾಡಲು ಕಾಣುವುದಿಲ್ಲ.

ನಿನ್ನ
ದೊಡ್ಡಮ್ಮ