ಬಿಪಿಗೆ ಜನಾಂಗವೊಂದೇ ಕಾರಣವಲ್ಲ

ಮಾನ್ಯರೆ,

ಅಮೆರಿಕದ ಕಪ್ಪುವರ್ಣೀಯರಲ್ಲಿ ರಕ್ತದೊತ್ತಡ ಹೆಚ್ಚು ಎಂದು ಬರೆಯುವವರು, ಅದು ಅವರ ಹುಟ್ಟಿನಿಂದಲೇ ಬಂದದ್ದು ಎಂಬಂತೆ ಮಾತು ಮುಗಿಸುವುದನ್ನು ಆರೋಗ್ಯ ಪುಟಗಳಲ್ಲಿ ಹಲವು ಬಾರಿ ಓದಿದ್ದೇನೆ. ಮೊದಲ ಮಾತು ನಿಜ. ಅಲ್ಲಿನ ಸರ್ಕಾರದ 2017–18ರ ಸಮೀಕ್ಷೆಯಲ್ಲಿ, 130/80 ಅನ್ನು ಗಡಿಯಾಗಿಟ್ಟು ಲೆಕ್ಕ ಹಾಕಿದಾಗ, ಕಪ್ಪುವರ್ಣೀಯ ವಯಸ್ಕರಲ್ಲಿ ಶೇ 57ರಷ್ಟು ಹಾಗೂ ಬಿಳಿಯರಲ್ಲಿ ಸುಮಾರು ಶೇ 44ರಷ್ಟು ಮಂದಿಗೆ ಬಿಪಿ ಕಂಡುಬಂದಿತ್ತು. ಎರಡನೆಯ ಮಾತನ್ನು ಮಾತ್ರ ಒಪ್ಪಲಾಗದು.

ರಿಚರ್ಡ್ ಕೂಪರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗ ರೂಢಿಯಲ್ಲಿದ್ದ 140/90ರ ಅಳತೆಯಂತೆ, ಬಿಪಿ ಇದ್ದವರ ಪ್ರಮಾಣ ಪಶ್ಚಿಮ ಆಫ್ರಿಕಾದಲ್ಲಿ ಶೇ 16, ಅದೇ ಮೂಲದ ಕೆರಿಬಿಯನ್ ಜನರಲ್ಲಿ ಶೇ 26 ಮತ್ತು ಅಮೆರಿಕದ ಕಪ್ಪುವರ್ಣೀಯರಲ್ಲಿ ಶೇ 33 ಇತ್ತು. ಮೂಲ ಒಂದೇ ಆಗಿದ್ದರೂ ಮೈತೂಕ ಮತ್ತು ಊಟದ ಉಪ್ಪು ಏರಿದಂತೆ ಒತ್ತಡವೂ ಏರಿತ್ತು.

ಔಷಧದ ವಿಷಯದಲ್ಲಿ ವ್ಯತ್ಯಾಸವಿದೆ, ಅಲ್ಲಗಳೆಯುವುದಿಲ್ಲ. ಒಂದೇ ಮಾತ್ರೆ ಕೊಡುವುದಾದರೆ ಎನಲಾಪ್ರಿಲ್ ಬಗೆಯ ಬಿಪಿ ಮಾತ್ರೆಗಳು ಕಪ್ಪುವರ್ಣೀಯರಲ್ಲಿ ಸರಾಸರಿಯಾಗಿ ಕಡಿಮೆ ಕೆಲಸ ಮಾಡುತ್ತವೆ. ಆದ್ದರಿಂದ ಬ್ರಿಟನ್ನಿನ ಮಾರ್ಗಸೂಚಿ ಅವರಿಗೆ ಮೊದಲು ಅಮ್ಲೊಡಿಪಿನ್‌ನಂಥದ್ದನ್ನು ಹೇಳುತ್ತದೆ. ಆದರೆ ಮಾತ್ರೆ ರೋಗಿಯ ಕೈಸೇರದಿದ್ದರೆ ಯಾವ ಮಾರ್ಗಸೂಚಿ ಇದ್ದೇನು?

ಲಾಸ್ ಏಂಜಲೀಸ್‌ನಲ್ಲಿ ಡಾ. ರೊನಾಲ್ಡ್ ವಿಕ್ಟರ್ ತಂಡ ಇದನ್ನೇ ಪರೀಕ್ಷಿಸಿತು. ಕಪ್ಪುವರ್ಣೀಯ ಗಂಡಸರು ಖಾಯಂ ಹೋಗುವ 52 ಕ್ಷೌರದಂಗಡಿಗಳಲ್ಲಿ ಬಿಪಿ ಹೆಚ್ಚಿದ್ದ 319 ಮಂದಿಯನ್ನು ಆರಿಸಿ, ಒಂದು ಗುಂಪಿಗೆ ಫಾರ್ಮಾಸಿಸ್ಟ್ ಅಲ್ಲಿಗೇ ಬಂದು, ವೈದ್ಯರ ಒಪ್ಪಂದದ ಮೇರೆಗೆ ಔಷಧ ಬರೆದುಕೊಡುವಂತೆ ಮಾಡಿದರು. ಇನ್ನೊಂದು ಗುಂಪಿಗೆ ಕ್ಷೌರಿಕರಿಂದ ಜೀವನಶೈಲಿ ಬದಲಿಸಿ, ವೈದ್ಯರ ಬಳಿ ಹೋಗಿ ಎಂಬ ಸಲಹೆ ಮಾತ್ರ. ಆರು ತಿಂಗಳಿಗೆ ಮೊದಲ ಗುಂಪಿನಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 27ರಷ್ಟು ಇಳಿಯಿತು, ಎರಡನೆಯದರಲ್ಲಿ 9ರಷ್ಟು. 130/80ರ ಒಳಗೆ ಬಂದವರು ಕ್ರಮವಾಗಿ ಸುಮಾರು ಶೇ 64 ಮತ್ತು ಶೇ 12. 2018ರ ಈ ಫಲಿತಾಂಶ ಬಂದಾಗ ಆ ಗಂಡಸರ ಜನಾಂಗವೇನೂ ಬದಲಾಗಿರಲಿಲ್ಲ.

ಔಷಧದಂಗಡಿಯ ಕೌಂಟರಿನ ಹಿಂದೆ ಮೂರು ದಶಕ ನಿಂತ ನನಗೆ ಇದು ದೂರದ ಸುದ್ದಿಯಲ್ಲ. 'ನಮ್ಮ ಮನೆತನಕ್ಕೇ ಬಿಪಿ ಸಾರ್, ಏನ್ಮಾಡೋಕಾಗುತ್ತೆ' ಎನ್ನುತ್ತಲೇ ಸ್ಟ್ರಿಪ್ಪನ್ನು ಕತ್ತರಿಸಿ ಐದೇ ಮಾತ್ರೆ ಕೊಡಿ ಎಂದವರು ಎಷ್ಟೋ ಮಂದಿ. ಅವರಲ್ಲಿ ಹಲವರು ಮುಂದಿನ ಐದಕ್ಕೆ ಬರುತ್ತಿದ್ದುದು ತಲೆಸುತ್ತು ಬಂದ ಮೇಲೆಯೇ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಯಾವುದೇ ಸಮುದಾಯದ ರಕ್ತದೊತ್ತಡದ ಬಗ್ಗೆ ಬರೆಯುವಾಗ, ಎಷ್ಟು ಮಂದಿಗೆ ಬಿಪಿ ಇದೆ ಎಂಬುದರ ಪಕ್ಕದಲ್ಲೇ ಅವರಲ್ಲಿ ಎಷ್ಟು ಮಂದಿಯದು ಹತೋಟಿಯಲ್ಲಿದೆ ಎಂಬುದನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಫಾರ್ಮಾಸಿಸ್ಟ್, ಹಾಸನ